ಜುಲೈನಲ್ಲಿ ಆಗುಂಬೆ ಕಡೆ 10 ದಿನ ಇರುತ್ತೇನೆ, ಲ್ಯಾಪ್‌ಟಾಪ್ ಸುಡದ ಹಾಗೆ ಏನು ಮಾಡಲಿ?

ಹೋಮ್‌ಸ್ಟೇನಲ್ಲಿ ಕೂತು ಆಫೀಸ್ ಕೆಲಸ ಮಾಡಬೇಕು, ಜೊತೆಗೆ ಫೋನು, ಕ್ಯಾಮೆರಾ ಇದೆ, ಕರೆಂಟ್ ಹೋಗಿ ಬಂದು ಮಾಡುತ್ತಂತೆ, ಒಂದು ಸ್ಟೆಬಿಲೈಸರ್ ಹೊತ್ತು ತರಲಾ ಅಂತ ಕೇಳಿದ್ದೀರಿ. ಬೇಡ. ಬಸ್ಸಿನಲ್ಲಿ ಅದನ್ನು ತೊಡೆ ಮೇಲೆ ಇಟ್ಟುಕೊಂಡು ಬರಬೇಕಾಗುತ್ತದೆ, ಬಂದ ಮೇಲೆ ಅದರಿಂದ ದೊಡ್ಡ ಉಪಯೋಗವೂ ಇಲ್ಲ. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ. ಕೆಲಸ ಶಿವಮೊಗ್ಗದಲ್ಲಿ. ಮಳೆಗಾಲದಲ್ಲಿ ಊರಿಗೆ ಹೋದಾಗೆಲ್ಲ ನನ್ನದೂ ಇದೇ ಪಾಡು.

ಮೊದಲು ಒಂದು ಭಯ ಬಿಡಿ. ವೋಲ್ಟೇಜ್ ಕಡಿಮೆ ಆಯಿತು ಅಂತ ಲ್ಯಾಪ್‌ಟಾಪ್ ಸುಡುವುದಿಲ್ಲ. ಅಡಾಪ್ಟರ್ ತಿರುಗಿಸಿ ನೋಡಿ, ಸಣ್ಣ ಅಕ್ಷರದಲ್ಲಿ 100–240 ವೋಲ್ಟ್ ಅಂತ ಬರೆದಿರುತ್ತದೆ. ಫೋನ್ ಚಾರ್ಜರ್ ಮೇಲೂ ಅಷ್ಟೆ. ಸಂಜೆ ಏಳಕ್ಕೆ ಊರಿನವರೆಲ್ಲ ಲೈಟ್ ಹಾಕಿ 230 ಇರಬೇಕಾದದ್ದು 150ಕ್ಕೆ ಇಳಿದರೂ ಇವಕ್ಕೆ ಲೆಕ್ಕಕ್ಕಿಲ್ಲ. ಕಷ್ಟ ಪಡುವುದು ಫ್ರಿಜ್ಜು, ಪಂಪ್‌ಸೆಟ್ಟು, ಒಟ್ಟಿನಲ್ಲಿ ಮೋಟಾರು ಇರುವ ಸಾಮಾನು. ಅವು ಹೋಮ್‌ಸ್ಟೇಯವರ ತಲೆನೋವು.

ಹೆದರಬೇಕಾದ್ದು ವೋಲ್ಟೇಜ್ ಮೇಲೇರುವುದಕ್ಕೆ. ನಾನು ಅದನ್ನು ಕಲಿತದ್ದು ಒಂದು ಪುನರ್ವಸು ಮಳೆಯಲ್ಲಿ. ರಾತ್ರಿ ಊಟಕ್ಕೆ ಕೂತಿದ್ದೆವು. ಗಾಳಿ ಅಂದರೆ ಗಾಳಿ. ತೋಟದ ಕಡೆ ಮರದ ಹರೆ ಮುರಿದ ಸದ್ದು ಬಂತು. ಕರೆಂಟ್ ಹೋಗಲಿಲ್ಲ, ಅದೇ ವಿಚಿತ್ರ. ಬಟ್ಟೆ ಒಣಗಲಿ ಅಂತ ಹಾಕಿದ್ದ ಫ್ಯಾನು ಇದ್ದಕ್ಕಿದ್ದಂತೆ ಗಿರ್ರೆಂದು ಜೋರಾಯಿತು. ಕೊಟ್ಟಿಗೆಯ ಹಳೇ ಕಾಲದ ಬಲ್ಬ್ ಹಳದಿ ಬಿಟ್ಟು ಬೆಳ್ಳಗೆ ಉರಿದು, ಅಂಗಳವೆಲ್ಲ ಬೆಳಕು. ಅಪ್ಪ ಎಂಜಲು ಕೈಯಲ್ಲೇ ಮೇನ್ ಸ್ವಿಚ್ ಕಡೆ ಓಡಿದರು. ಅಷ್ಟರಲ್ಲಿ ಟಪ್ ಅಂತ ಸದ್ದು, ಸುಟ್ಟ ವಾಸನೆ. ನನ್ನ ಲ್ಯಾಪ್‌ಟಾಪ್ ಅಡಾಪ್ಟರ್, ವೈಫೈ ರೂಟರಿನದು, ಟಿವಿಯ ಸೆಟ್‌ಟಾಪ್ ಬಾಕ್ಸು, ಮೂರೂ ಹೋದವು. ಅದೇ ಹೊತ್ತಿಗೆ ದೊಡ್ಡಪ್ಪನ ಫೋನು: "ನಿಮ್ಮಲ್ಲಿ ಕರೆಂಟ್ ಇದೆಯೇನೋ? ನಮ್ಮಲ್ಲಿ ಮಿಣ ಮಿಣ ಅಂತಿದೆ ಮಾರಾಯ."

ಆಗಿದ್ದು ಇಷ್ಟು. ಟಿಸಿಯಿಂದ, ಅಂದರೆ ಊರಿನ ಟ್ರಾನ್ಸ್‌ಫಾರ್ಮರಿನಿಂದ, ಕರೆಂಟ್ ತರುವ ಮೂರು ಫೇಸು ತಂತಿ, ಅದು ವಾಪಸ್ ಹೋಗುವ ಒಂದು ನ್ಯೂಟ್ರಲ್ ತಂತಿ ಹೊರಡುತ್ತವೆ. ಒಂದೊಂದು ಮನೆಗೆ ಒಂದು ಫೇಸು, ನ್ಯೂಟ್ರಲ್ ಮಾತ್ರ ಎಲ್ಲರಿಗೂ ಒಂದೇ. ಫೇಸಿಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್, ಎರಡು ಫೇಸುಗಳ ನಡುವೆ 400. ಹರೆ ಬಿದ್ದು ನ್ಯೂಟ್ರಲ್ ಮಾತ್ರ ತುಂಡಾದರೆ ಬೇರೆ ಬೇರೆ ಫೇಸಿನ ಮನೆಗಳು ಆ 400 ವೋಲ್ಟನ್ನು ತಮ್ಮೊಳಗೆ ಹಂಚಿಕೊಳ್ಳಬೇಕಾಗುತ್ತದೆ, ಅದೂ ಸಮಪಾಲಲ್ಲ. ಜಾಸ್ತಿ ಕರೆಂಟ್ ಎಳೆಯುವ ಮನೆಗೆ ಕಡಿಮೆ ವೋಲ್ಟೇಜ್, ಕಡಿಮೆ ಎಳೆಯುವ ಮನೆಗೆ ಜಾಸ್ತಿ. ದೊಡ್ಡಮ್ಮ ಮಕ್ಕಳ ಒದ್ದೆ ಯೂನಿಫಾರ್ಮಿಗೆ ಇಸ್ತ್ರಿ ಪೆಟ್ಟಿಗೆ ಹಚ್ಚಿದ್ದರು. ನಮ್ಮಲ್ಲಿ ಎರಡು ಲೈಟು, ಒಂದು ಫ್ಯಾನು. ಹೊಡೆತ ನಮಗೆ ಬಿತ್ತು.

ಹಳೇ ಬಲ್ಬ್ ಆದರೆ ಉರಿಯುವುದರಲ್ಲೇ ವೋಲ್ಟೇಜ್ ಗೊತ್ತಾಗುತ್ತಿತ್ತು. ಈಗಿನ ಒಳ್ಳೆ ಎಲ್‌ಇಡಿ ಬಲ್ಬ್ ವೋಲ್ಟೇಜ್ ಏರಿದರೂ ಇಳಿದರೂ ಒಂದೇ ಸಮ ಉರಿಯುತ್ತದೆ, ಹಾಗಾಗಿ ಅದನ್ನು ನಂಬಬೇಡಿ. ಫ್ಯಾನಿನ ಸದ್ದಿಗೆ ಕಿವಿ ಕೊಡಿ. ಸದ್ದು ಏರಿತು ಅಂದರೆ ಮೊದಲು ಮೇನ್ ಆಫ್, ಆಮೇಲೆ ವಿಚಾರಣೆ.

ಇನ್ನು ಕರೆಂಟ್ ಹೋದಾಗ. ಹೋದ ತಕ್ಷಣ ಚಾರ್ಜರ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕೀಳಬೇಕು. ಹಾಳು ಮಾಡುವುದು ಹೋಗುವ ಕರೆಂಟಲ್ಲ, ಬರುವ ಕರೆಂಟು. ಲೈನ್‌ಮ್ಯಾನ್ ಕಾಡಿನಲ್ಲಿ ಮರ ಕಡಿದು ಸರಿ ಮಾಡಿ ಲೈನ್ ಚಾರ್ಜ್ ಮಾಡಿಸುತ್ತಾನೆ, ಇನ್ನೊಂದು ಕಡೆ ಹರೆ ತಾಗಿರುತ್ತದೆ, ಮತ್ತೆ ಟ್ರಿಪ್. ಹೀಗೆ ಎರಡು ಮೂರು ಸಲ ಬಂದು ಹೋಗುತ್ತದೆ. ಆ ಮಳೆಯಲ್ಲಿ ಕಂಬ ಹತ್ತುವವನನ್ನು ಬೈಯಲು ನನಗಂತೂ ಬಾಯಿ ಬರುವುದಿಲ್ಲ. ಕರೆಂಟ್ ಬಂದು ಹತ್ತು ನಿಮಿಷ ನಿಂತರೆ ಆಮೇಲೆ ಪ್ಲಗ್ ಹಾಕಿ.

ಸ್ಪೈಕ್ ಬಸ್ಟರ್ ತರಬಹುದು. ಆದರೆ ಅಂಗಡಿಯಲ್ಲಿ ಆ ಹೆಸರಿನಲ್ಲಿ ಕೊಡುವ ಎಷ್ಟೋ ಡಬ್ಬಿಗಳು ಬರೀ ಎಕ್ಸ್‌ಟೆನ್ಶನ್ ಬಾಕ್ಸು, ಮೇಲೊಂದು ಕೆಂಪು ದೀಪ. ಅಸಲಿಯಲ್ಲಿ ಎಷ್ಟು ಜೂಲ್ (ಹೊಡೆತದ ಶಕ್ತಿಯ ಅಳತೆ) ತಡೆಯುತ್ತದೆ ಅಂತ ಬರೆದಿರುತ್ತದೆ. ಅದೂ ತಡೆಯುವುದು ಕಣ್ಣು ಮಿಟುಕಿಸುವುದರೊಳಗೆ ಬಂದು ಹೋಗುವ ಹೊಡೆತವನ್ನು ಮಾತ್ರ. ನಮ್ಮ ಮನೆಯಲ್ಲಿ ಆದಂತೆ ವೋಲ್ಟೇಜ್ ಏರಿ ಅಲ್ಲೇ ನಿಂತರೆ ಅದೇ ಸುಟ್ಟು ಹೋಗುತ್ತದೆ. ಅದಕ್ಕೆ ಬೇಕಾದ್ದು ಹೈ-ಲೋ ವೋಲ್ಟೇಜ್ ಕಟ್‌ಆಫ್, ಅಂದರೆ ವೋಲ್ಟೇಜ್ ತೀರಾ ಏರಿದರೆ, ಇಳಿದರೆ ತಾನೇ ಕರೆಂಟ್ ಕಡಿಯುವ ಡಬ್ಬಿ. ಪ್ಲಗ್ಗಿಗೆ ಸಿಕ್ಕಿಸುವಂಥದ್ದೇ ಸಿಗುತ್ತದೆ, ಮುಷ್ಟಿಯಷ್ಟು ಇರುತ್ತದೆ. ದುಡ್ಡು ಹಾಕುವುದಾದರೆ ಇದಕ್ಕೆ ಹಾಕಿ.

ನಾನು ಮಾಡುವುದು ಇನ್ನೂ ಸುಲಭ. ಗೋಡೆಯ ಪ್ಲಗ್ಗಿಗೆ ಪವರ್ ಬ್ಯಾಂಕ್ ಮಾತ್ರ ಹಾಕುತ್ತೇನೆ, ಫೋನು, ಕ್ಯಾಮೆರಾ ಬ್ಯಾಟರಿ ಎಲ್ಲ ಪವರ್ ಬ್ಯಾಂಕಿನಿಂದ. ಹೊಡೆತ ಬಂದರೆ ಬಡಪಾಯಿ ಚಾರ್ಜರ್ ಹೋಗುತ್ತದೆ, ತೀರಾ ಅಂದರೆ ಪವರ್ ಬ್ಯಾಂಕು. 20,000 ಎಂಎಎಚ್‌ನದ್ದು ಅಂದರೆ ಸುಮಾರು 74 ವಾಟ್-ಅವರ್. ಅದರಲ್ಲಿ ಒಂದಿಷ್ಟು ಬಿಸಿಯಾಗಿ ಸೋರಿಹೋಗುತ್ತದೆ. ಸಾಧಾರಣ ಲ್ಯಾಪ್‌ಟಾಪನ್ನು ಒಂದು ಸಲ ತುಂಬಬಹುದು, ಆದರೆ ಅದು 65 ವಾಟ್ ಕೊಡುವ ಟೈಪ್-ಸಿ ಇರಬೇಕು. ಕಾರಲ್ಲಿ ಬರುವುದಾದರೆ ಒಳ್ಳೆ ಕಾರ್ ಚಾರ್ಜರ್ ತನ್ನಿ, ಮರ ಬಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ.

ಲೋಹದ ಮೈಯ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ಅಂಗೈ ಸವರಿದಾಗ ಜುಮ್ ಅಂದರೆ ಹೆಚ್ಚಾಗಿ ಆ ಪ್ಲಗ್ಗಿಗೆ ಅರ್ತ್ ಇಲ್ಲ ಅಂತ ಅರ್ಥ. ಹಳೇ ಮನೆಗಳಲ್ಲಿ ಮೂರು ತೂತಿನ ಪ್ಲಗ್ ಇದ್ದರೂ ಮೂರನೆಯದು ಸುಮ್ನೆ ಚಂದಕ್ಕೆ. ಅಂಥ ಕಡೆ ಬ್ಯಾಟರಿಯಲ್ಲೇ ಕೆಲಸ ಮಾಡಿ, ಚಾರ್ಜಿಗೆ ಹಾಕಿದಾಗ ಮುಟ್ಟದೆ ಬಿಡಿ. ಜನರೇಟರ್ ಇದ್ದರೆ ಅದು ಶುರುವಾಗಿ ಹದಕ್ಕೆ ಬಂದ ಮೇಲೆ ಹಾಕಿ.

ಸಿಡಿಲಿನ ಕಾಟ ಜುಲೈನಲ್ಲಿ ಕಡಿಮೆ. ಅದೇನಿದ್ದರೂ ಏಪ್ರಿಲ್-ಮೇ, ಮತ್ತೆ ಅಕ್ಟೋಬರ್ ಹೊತ್ತಿಗೆ. ಆದರೂ ಗುಡುಗಿತೋ, ಪ್ಲಗ್ ಜೊತೆಗೆ ರೂಟರಿನಿಂದ ಬರುವ ನೆಟ್ ಕೇಬಲ್ಲನ್ನೂ ಲ್ಯಾಪ್‌ಟಾಪಿಂದ ಕೀಳಿ. ಸಿಡಿಲು ಹತ್ತಿರ ಬಿದ್ದರೆ ತಡೆಯುವ ಡಬ್ಬಿ ಯಾವುದೂ ಇಲ್ಲ.

ಇಷ್ಟೆಲ್ಲ ಮಾಡಿ ಲ್ಯಾಪ್‌ಟಾಪ್ ಉಳಿಸಿಕೊಂಡರೂ ಆಫೀಸ್ ಕೆಲಸ ನಡೆಯುತ್ತದೆ ಅಂತ ನಾನು ಹೇಳಲಾರೆ. ಕರೆಂಟ್ ಹೋಗಿ ಕೆಲವು ಗಂಟೆಗೆ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಇತ್ತ 1035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರ ಇರುವುದು ನಮ್ಮದೇ ಜಿಲ್ಲೆಯಲ್ಲಿ, ಅತ್ತ ನಾವು ಸಿಗ್ನಲ್ ಹುಡುಕಿಕೊಂಡು ಛತ್ರಿ ಹಿಡಿದು ಗುಡ್ಡ ಹತ್ತುತ್ತೇವೆ. ಸಿಗ್ನಲ್ ಇಲ್ಲದಾಗ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಟವರ್ ಹುಡುಕಿ ಹುಡುಕಿಯೇ ಬ್ಯಾಟರಿ ಖಾಲಿಯಾಗುತ್ತದೆ. ರೂಮ್ ಬುಕ್ ಮಾಡುವ ಮೊದಲು ಹೋಮ್‌ಸ್ಟೇಯವರಿಗೆ ಫೋನ್ ಮಾಡಿ, ಅಲ್ಲಿ ಯಾವ ಸಿಮ್ಮಿಗೆ ಸಿಗ್ನಲ್ ಸಿಗುತ್ತದೆ, ಕರೆಂಟ್ ಹೋದ ಮೇಲೆ ಟವರ್ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಕೇಳಿ. "ಏನೂ ತೊಂದರೆ ಇಲ್ಲ ಬನ್ನಿ" ಅಂದರೆ ಇನ್ನೊಂದು ಸಲ ಕೇಳಿ.