ಐಟಂ ಸೇರಿಸಬೇಡಿ, ಬಂದ ಫೋನ್ ಬರೆದಿಡಿ

ನಿನ್ನೆ ರಾತ್ರಿ ನಿಮ್ಮ ಪೋಸ್ಟ್ ಓದಿದೆ. ಜೇನು, ಜೋನಿ ಬೆಲ್ಲ (ನೀರು ಬೆಲ್ಲ), ಕಾಳುಮೆಣಸು, ಅರಿಶಿನ ಪುಡಿ, ಎಳೆ ಮಾವಿನ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಎಲ್ಲ ಸೇರಿ 22 ಐಟಂ. ಪೇಜಿನ ನೆತ್ತಿಯ ಮೇಲೆ "ಎಲ್ಲರಿಗೂ ಮಲೆನಾಡಿನ ಶುದ್ಧ ಉತ್ಪನ್ನ". ಪೋಸ್ಟನ್ನ ಹೆಚ್ಚು ಜನಕ್ಕೆ ತೋರಿಸಲಿ ಅಂತ ಫೇಸ್‌ಬುಕ್ ಬೂಸ್ಟಿಗೆ ಎಂಟು ಸಾವಿರ ರೂಪಾಯಿ ಹಾಕಿದ್ದೀರಿ, ಲೈಕ್ ಬಂತು, ಆರ್ಡರ್ ಇಲ್ಲ. ಈಗ ಇನ್ನೈದು ಐಟಂ ಸೇರಿಸಿ ವೆಬ್‌ಸೈಟ್ ಮಾಡಿಸಲಾ ಅಂತ ಕೇಳ್ತಿದ್ದೀರಿ. ಕೆಳಗೆ ಮೂವತ್ತು ಜನ "ಆಲ್ ದ ಬೆಸ್ಟ್ ಬ್ರೋ" ಅಂದಿದ್ದಾರೆ. ಅವರಲ್ಲಿ ಎಷ್ಟು ಜನ ಒಂದು ಬಾಟಲಿ ತಗೊಂಡರು, ಕೇಳಿ ನೋಡಿ.

ಮಾಡಿಸಬೇಡಿ. ವಯಸ್ಸಲ್ಲಿ ನಿಮಗಿಂತ ದೊಡ್ಡವಳು, ಸ್ವಲ್ಪ ಬೈದರೆ ಬೇಜಾರು ಮಾಡ್ಕೋಬೇಡಿ. ನಿಮ್ಮ ಪೋಸ್ಟ್ ಓದುವಾಗ ನನ್ನದೇ ಹಳೇ ಪೇಜ್ ನೋಡಿದ ಹಾಗಾಯ್ತು, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ನಂದು 19 ಐಟಂ ಇತ್ತು. ಬ್ಯಾನರಲ್ಲಿ ಹಸಿರು ಎಲೆ, ಮಣ್ಣಿನ ಮಡಕೆ, "ಪ್ರಕೃತಿಯ ಮಡಿಲಿನಿಂದ". ಕ್ಯಾನ್ವಾ ಅನ್ನೋ ಡಿಸೈನ್ ಆಪಿನಲ್ಲಿ ಆ ಹಸಿರೆಲೆ ಟೆಂಪ್ಲೇಟ್ ತೆಗೆದುಬಿಟ್ಟರೆ ನಮ್ಮ ಕಡೆಯ ಅರ್ಧ ಬ್ರ್ಯಾಂಡುಗಳು ಮುಖ ಇಲ್ಲದೆ ನಿಲ್ತಾವೆ, ಅದು ಬೇರೆ ಮಾತು. ಮೊದಲ ವರ್ಷ 1,400 ಲೈಕ್ ಬಂತು, ಮಾರಿದ್ದು 11 ಬಾಟಲಿ. ಅದರಲ್ಲಿ ಏಳು ನನ್ನ ತಂಗಿಯರೂ ನಾದಿನಿಯರೂ ತಗೊಂಡಿದ್ದು.

ಬೂಸ್ಟ್ ಮಾಡಿದ್ದು ನನ್ನದೇ ತಪ್ಪು, ಫೇಸ್‌ಬುಕ್ಕಿನದಲ್ಲ. ಲೈಕ್ ಬೇಕು ಅಂತ ಒತ್ತಿದರೆ ಅದು ಲೈಕ್ ಒತ್ತುವ ಜನರನ್ನೇ ಹುಡುಕಿ ಕೊಡುತ್ತೆ. ಉಪ್ಪಿನಕಾಯಿ ಕೊಳ್ಳುವವರು ಬೇರೆ ಜಾತಿ.

ನನಗೆ ದಾರಿ ತೋರಿಸಿದ್ದು ಒಂದು 20 ರೂಪಾಯಿಯ ನೋಟ್‌ಬುಕ್. ಅಡಿಕೆ ಲೆಕ್ಕಕ್ಕೆ ಅಂತ ತಂದಿದ್ದು. ಎರಡನೇ ವರ್ಷ ಮಗಳು ರಜೆಗೆ ಬಂದವಳು, "ಅಮ್ಮ, ಮಾರಾಟ ಆಗ್ಲಿ ಬಿಡ್ಲಿ, ಫೋನ್ ಮಾಡಿದವರು ಏನು ಕೇಳಿದ್ರು ಅಂತ ಬರೆದಿಡು, ಅವರದೇ ಮಾತಲ್ಲಿ" ಅಂದಳು. ಮೂರು ಗೆರೆ ಎಳೆದೆ: ಎಲ್ಲಿಂದ, ಏನು ಕೇಳಿದರು, ಯಾಕೆ ಬೇಕಂತೆ. ಮೂರು ತಿಂಗಳಲ್ಲಿ 43 ಫೋನು, ಮೆಸೇಜು. ಕೂತು ಓದಿದರೆ ತಲೆ ಚಚ್ಚಿಕೊಳ್ಳೋ ಹಾಗಾಯ್ತು. ಅದರಲ್ಲಿ 17 ಜನ ಒಂದೇ ಮಾತು ಕೇಳಿದ್ದರು: "ಬರೀ ಉಪ್ಪಿಗೆ ಹಾಕಿದ ಮಿಡಿ ಕೊಡ್ತೀರಾ?" ನಾನು ಅಷ್ಟೂ ಜನಕ್ಕೆ "ಇಲ್ಲ, ಉಪ್ಪಿನಕಾಯಿ ರೆಡಿ ಇದೆ, ಕಳಿಸ್ಲಾ" ಅಂದಿದ್ದೆ! ರಾಜಾಜಿನಗರದ ಒಬ್ಬರಂತೂ ಬಿಡಿಸಿಯೇ ಹೇಳಿದ್ದರು, "ಮಸಾಲೆ ನಮ್ಮತ್ತೆದು ಇದೆ ಕಣ್ರೀ, ಮಿಡಿ ಇಲ್ಲ." ಬರೆದುಕೊಂಡಿದ್ದೆ, ಕೇಳಿಸಿಕೊಂಡಿರಲಿಲ್ಲ.

ನಮಗೆ ಇದು ಹೊಳೆಯೋದಿಲ್ಲ, ಯಾಕಂದ್ರೆ ನಮ್ಮ ಅಟ್ಟದ ಮೇಲೆ ಭರಣಿ ಇರುತ್ತೆ. ಸಾಗರ, ಸಿರಸಿ, ಹೊಸನಗರದಿಂದ ಹೋಗಿ ಬೆಂಗಳೂರಲ್ಲಿ ಮೂವತ್ತು ವರ್ಷ ಇದ್ದವರಿಗೆ ಮಸಾಲೆ ಅರೆಯೋಕೆ ಬರುತ್ತೆ, ಬ್ಯಾಡಗಿ ಮೆಣಸು, ಸಾಸಿವೆ ಎಲ್ಲ ಅಲ್ಲೇ ಸಿಗುತ್ತೆ. ಸಿಗದೇ ಇರೋದು ತೊಟ್ಟು ಸಮೇತ ಕೈಯಲ್ಲಿ ಕೊಯ್ದ ಮಿಡಿ. ಮಾರ್ಕೆಟಲ್ಲಿ ಸಿಕ್ಕರೂ ಉದುರಿಸಿದ್ದು, ತೊಟ್ಟು ಮುರಿದು ಸೊನೆ ಹೋಗಿರುತ್ತೆ. ತಂದು ಉಪ್ಪಿಗೆ ಹಾಕೋಣ ಅಂದ್ರೆ ಫ್ಲಾಟಿನಲ್ಲಿ ಭರಣಿ ಇಡೋ ಜಾಗ ಇಲ್ಲ, ಚಿರುಟೋ ತನಕ ದಿನಾ ಕೈಯಾಡಿಸೋಕೆ ಪುರುಸೊತ್ತಿಲ್ಲ. ಅವರಿಗೆ ಬೇಕಾಗಿದ್ದು ಅರ್ಧ ಕೆಲಸ ಮಾತ್ರ. ನಾನು ಪೂರ್ತಿ ಮಾಡಿ, ಮೇಲಿಂದ ಅವರ ಅತ್ತೆಯ ಮಸಾಲೆಗೆ ಪೈಪೋಟಿ ಕೊಡೋಕೆ ಹೋಗಿದ್ದೆ. ಗೆಲ್ಲೋಕಾಗುತ್ತಾ?

ಆ ಫೆಬ್ರವರಿಗೆ 18 ಐಟಂ ತೆಗೆದು ಎಸೆದೆ. ಮನೆಯವರು ಮುಖ ಊದಿಸಿಕೊಂಡರು, "ಜೇನು ಎಂತಕ್ಕೆ ತೆಗೆದೆ" ಅಂತ. ಪೇಜಿನಲ್ಲಿ ಒಂದೇ ಫೋಟೋ: ಸ್ಟೀಲ್ ತಟ್ಟೆಯಲ್ಲಿ ಉಪ್ಪುನೀರಿಂದ ತೆಗೆದ ಚಿರುಟಿದ ಮಿಡಿ, ಒಂದನ್ನು ಹೋಳು ಮಾಡಿಟ್ಟಿದ್ದು. ಕೆಳಗೆ "ಮಸಾಲೆ ನಿಮ್ಮದು, ಮಿಡಿ ನಮ್ಮದು". ಫೋಟೋ ನೋಡಿ ಪರಿಚಯದ ಹುಡುಗನೊಬ್ಬ "ಆಂಟಿ, ಡಲ್ಲಾಗಿದೆ, ಕಲರ್ ಎತ್ತಿ" ಅಂದ. ಎತ್ತಲಿಲ್ಲ. ಗೊತ್ತಿಲ್ಲದವರಿಗೆ ಅದು ಒಣಗಿದ ಕಾಯಿ. ಗೊತ್ತಿದ್ದವರು ಮೊದಲ ದಿನವೇ "ಜೀರಿಗೆ ಮಿಡಿನಾ?" ಅಂತ ತಳಿಯ ಹೆಸರು ಹಿಡಿದೇ ಕೇಳಿದರು. ಫೋಟೋನೇ ಜರಡಿ ಹಿಡೀತು. ಜಾಹೀರಾತಿಗೆ ದಿನಕ್ಕೆ 200 ರೂಪಾಯಿ, ಹತ್ತು ದಿನ, ಬೆಂಗಳೂರು ಮಾತ್ರ, ಒತ್ತಿದರೆ ನೇರ ವಾಟ್ಸಾಪಿಗೆ ಬರೋ ಹಾಗೆ. ಹಿಂದಿನ ವರ್ಷಕ್ಕಿಂತ ಲೈಕ್ ತೀರಾ ಕಡಿಮೆ, 60 ದಾಟಲಿಲ್ಲ. ಹಾಕಿದ್ದ ಮಿಡಿ ಮಾತ್ರ ಯುಗಾದಿಯೊಳಗೆ ಖಾಲಿ.

ನಿಶ್ ಮಾರ್ಕೆಟ್, ಅಂದ್ರೆ ಒಂದೇ ಬೇಡಿಕೆಯ ಸಣ್ಣ ಗಿರಾಕಿ ಗುಂಪು, ಅಂತ ಯೂಟ್ಯೂಬಲ್ಲಿ ಪಾಠ ಮಾಡ್ತಾರಲ್ಲ, ಅವರೆಲ್ಲ ಕೋಣೆಯಲ್ಲಿ ಕೂತು ಯೋಚನೆ ಮಾಡಿ ಅಂತಾರೆ. ಯೋಚನೆಯಲ್ಲಿ ಸಿಗೋದಲ್ಲ ಅದು. ನಿಮ್ಮ ಇನ್‌ಬಾಕ್ಸಿನಲ್ಲಿ ನೀವು "ಇಲ್ಲ" ಅಂದ ಮೆಸೇಜ್ ಇರ್ತಾವಲ್ಲ, ಅಲ್ಲಿ ಹುಡುಕಿ. ಗೂಗಲ್ ಹುಡುಕಾಟದ ಪೆಟ್ಟಿಗೆಯನ್ನೂ ನೋಡಿ, ಎರಡಕ್ಷರ ಹೊಡೀತಿದ್ದ ಹಾಗೆ ಕೆಳಗೆ ಬರೋ ಸಾಲುಗಳೆಲ್ಲ ಜನ ಹುಡುಕೋ ಮಾತೇ. ಕನ್ನಡದಲ್ಲೂ ಹೊಡೀರಿ, ಇಂಗ್ಲಿಷ್ ಅಕ್ಷರದಲ್ಲೂ ಹೊಡೀರಿ. ನಮ್ಮವರು ಮಿಡಿ ಅಂತ ಹುಡುಕ್ತಾರೆ, ಘಮ ಇರೋ ಮಿಡಿಗೆ ಅಪ್ಪೆಮಿಡಿ ಅಂತಾರೆ, ಮಕ್ಕಳು ಟೆಂಡರ್ ಮ್ಯಾಂಗೋ ಪಿಕಲ್ ಅಂತಾರೆ. ಫೋಟೋ ಕೆಳಗೆ ಮೂರೂ ಇರಲಿ. "ಆರ್ಗ್ಯಾನಿಕ್ ವೆಲ್‌ನೆಸ್" ಅಂತ ಹಾಕಿ ನಮ್ಮ ಮಿಡಿಯನ್ನ ಯಾರೂ ಹುಡುಕಲ್ಲ.

ಲೆಕ್ಕದ್ದೊಂದು ಹೇಳಲೇಬೇಕು. ನಾನು ಅರ್ಧ ಕೆಜಿ, ಒಂದು ಕೆಜಿ ಅಂತ ಹಾಕಿದ್ದೆ. ನೋಟ್‌ಬುಕ್ಕಿನಲ್ಲಿ ಒಂಬತ್ತು ಜನ "ಎಷ್ಟು ಮಿಡಿ ಬರುತ್ತೆ" ಅಂತ ಕೇಳಿದ್ದರು. ನಾವು ಮಿಡಿ ಕೊಳ್ಳೋದು ನೂರರ ಲೆಕ್ಕದಲ್ಲಿ, ಮಸಾಲೆ ಅಳತೆ ಅತ್ತೆ ಹೇಳಿಕೊಟ್ಟಿದ್ದೂ "ನೂರು ಮಿಡಿಗೆ ಇಷ್ಟು ಮೆಣಸು" ಅಂತಲೇ. 50 ಮಿಡಿ, 100 ಮಿಡಿ ಅಂತ ಪ್ಯಾಕ್ ಮಾಡಿದ ಮೇಲೆ ಆ ಪ್ರಶ್ನೆ ನಿಂತೇಹೋಯ್ತು. ಆದರೆ ಎಚ್ಚರ, ಲೇಬಲ್ಲಿನಲ್ಲಿ ನಿವ್ವಳ ತೂಕ ಹಾಕಲೇಬೇಕು, ಎಂಆರ್‌ಪಿ, ತಯಾರಿಸಿದ ತಿಂಗಳು, ನಿಮ್ಮ ವಿಳಾಸ, ಫೋನೂ ಇರಬೇಕು. ಎಣಿಕೆ ಅದರ ಪಕ್ಕಕ್ಕೆ. ಎಫ್‌ಎಸ್‌ಎಸ್‌ಎಐ ನೋಂದಣಿ, ಅಂದ್ರೆ ಆಹಾರ ಮಾರೋಕೆ ಬೇಕಾದ ಸರ್ಕಾರಿ ನಂಬರ್, ನಿಮ್ಮ ಫೋಟೋದಲ್ಲಿ ಕಾಣಲಿಲ್ಲ. ನಾನು ಮಾಡಿಸಿದಾಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿನವರಿಗೆ 100 ರೂಪಾಯಿ ಅಷ್ಟೇ ಶುಲ್ಕ, 14 ಅಂಕಿಯ ನಂಬರ್ ಬರುತ್ತೆ. ಎಂಟು ಸಾವಿರ ಬೂಸ್ಟಿಗೆ ಸುರಿದವರು ನೂರು ರೂಪಾಯಿಗೆ ಜಿಪುಣತನ ಮಾಡಿದ್ದು ಯಾಕೆ? ಮುಂಬೈ, ಪುಣೆಯ ಆರ್ಡರ್ ಹಿಡಿಯೋ ಮೊದಲು ಜಿಎಸ್‌ಟಿ ವಿಷಯ ಲೆಕ್ಕಪತ್ರದವರ ಹತ್ತಿರ ಮಾತಾಡಿ, ಹೊರರಾಜ್ಯಕ್ಕೆ ಸರಕು ಕಳಿಸುವಾಗ ನಿಯಮ ಬೇರೆ.

ವಾಟ್ಸಾಪ್ ಬಿಸಿನೆಸ್ ಹಾಕ್ಕೊಳ್ಳಿ, ಸದ್ಯಕ್ಕೆ ವೆಬ್‌ಸೈಟಿನ ಕೆಲಸ ಅದೇ ಮಾಡುತ್ತೆ. ಒಂದು ಗುಟ್ಟು: ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ, ಅದರಲ್ಲೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಮುಟ್ಟುತ್ತೆ. ನಾನು ಒಂದಿಡೀ ಸೀಸನ್ ಗಾಳಿಗೆ ಮೆಸೇಜ್ ಕಳಿಸಿದ್ದೀನಿ. ಈಗ ಪ್ರತಿ ಪಾರ್ಸೆಲಿನಲ್ಲಿ ಕೈಬರಹದ ಚೀಟಿ ಇಡ್ತೀನಿ: "ಈ ನಂಬರ್ ಸೇವ್ ಮಾಡ್ಕೊಳ್ಳಿ, ಮುಂದಿನ ವರ್ಷ ಮಿಡಿ ಬಂದ ತಕ್ಷಣ ತಿಳಿಸ್ತೀನಿ." ಡಿಸ್ಕೌಂಟ್ ಕೂಪನ್ನಿಗಿಂತ ಹೆಚ್ಚು ಕೆಲಸ ಮಾಡಿದೆ ಅದು.

ಇನ್ನೊಂದು ಗಿರಾಕಿ ಗುಂಪೂ ಅದೇ ಪುಸ್ತಕದಿಂದ ಎದ್ದು ಬಂದಿದ್ದು. "ಯಾಕೆ ಬೇಕಂತೆ" ಗೆರೆಯಲ್ಲಿ ನಾಲ್ಕು ಕಡೆ "ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗ್ತಿದ್ದೀನಿ" ಅಂತ ಇತ್ತು. ಈ ಅಮ್ಮಂದಿರು ದರ ಕೇಳಲ್ಲ. ಕೇಳೋದು ಒಂದೇ, "ಸೂಟ್‌ಕೇಸಲ್ಲಿ ಸೋರಲ್ವಾ?" ಇಲ್ಲಿ ನಾನು ಪೆಟ್ಟು ತಿಂದೆ. ವ್ಯಾಕ್ಯೂಮ್ ಪೌಚಿನಲ್ಲಿ ಬಿಗಿಯಾಗಿ ಗಾಳಿ ತೆಗೆದು ಕಳಿಸಿದ್ದೆ, ಮಿಡಿಯ ತೊಟ್ಟೇ ಪೌಚನ್ನು ಒಳಗಿಂದ ಚುಚ್ಚಿ ತೂತು ಮಾಡಿತ್ತು. ಒಬ್ಬರ ರೇಷ್ಮೆ ಸೀರೆಗೆ ಉಪ್ಪುನೀರು. ಸೀರೆಯ ದುಡ್ಡು ಕೊಡ್ತೀನಿ ಅಂದರೂ ತಗೊಳ್ಳಲಿಲ್ಲ, ಮುಂದಿನ ಸಲ ಆರ್ಡರೂ ಕೊಡಲಿಲ್ಲ. ಈಗ ಉಪ್ಪುನೀರು ಪೂರ್ತಿ ಬಸಿದು, ಗಾಳಿ ಮುಕ್ಕಾಲು ಮಾತ್ರ ತೆಗೆದು, ಒಂದರೊಳಗೊಂದು ಎರಡು ಪೌಚ್ ಹಾಕಿ, ಮೇಲೆ ಡಬ್ಬಿ. ಎರಡು ದಿನ ತಲೆಕೆಳಗಾಗಿ ಇಟ್ಟು, ಅಡಿಗೆ ಹಾಸಿದ ಪೇಪರ್ ಒಣಗಿದ್ದರೆ ಮಾತ್ರ ಕಳಿಸೋದು. ಕೈಚೀಲದಲ್ಲಿ ಬೇಡ, ಚೆಕ್-ಇನ್ ಬ್ಯಾಗಿಗೇ ಹಾಕಿ ಅಂತ ಚೀಟಿಯಲ್ಲಿ ಬರೀತೀನಿ.

ಕೊರಿಯರಿನವರು ತೂಕಕ್ಕೆ ಮಾತ್ರ ದುಡ್ಡು ತಗೊಳ್ತಾರೆ ಅಂದ್ಕೋಬೇಡಿ. ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 5000ದಿಂದ ಭಾಗಿಸಿದ್ದು ಜಾಸ್ತಿ ಬಂದರೆ ಅದಕ್ಕೇ ಬಿಲ್ಲು. 30, 25, 20ರ ಡಬ್ಬದಲ್ಲಿ ಒಂದೂವರೆ ಕೆಜಿ ಇಟ್ಟರೂ ಮೂರು ಕೆಜಿಯ ದುಡ್ಡು. ಡಬ್ಬ ಚಿಕ್ಕದು ಮಾಡಿ. ಸಣ್ಣ ಊರುಗಳಿಗೆ ನಾನು ಸ್ಪೀಡ್ ಪೋಸ್ಟನ್ನೇ ನಂಬೋದು, ಬೆಂಗಳೂರಿಗೆ ಹತ್ತಿಪ್ಪತ್ತು ಒಟ್ಟಿಗೆ ಇದ್ದರೆ ಬಸ್ಸಿಗೆ ಹಾಕಿ ತಂಗಿ ಮನೆಯಿಂದ ಹಂಚಿಸ್ತೀನಿ. ಕ್ಯಾಶ್ ಆನ್ ಡೆಲಿವರಿ ಕೊಡಲೇಬೇಡಿ, ಅದರ ಕಥೆ ಇನ್ನೊಮ್ಮೆ ಬರೀತೀನಿ.

ಒಂದೇ ಐಟಂ ಅಂದ ತಕ್ಷಣ ಕಣ್ಣು ಮುಚ್ಚಿ ಇಳೀಬೇಡಿ, ತೊಂದರೆ ಇದೆ ಅದರಲ್ಲಿ. ಗಿರಾಕಿ ಕಡಿಮೆ ಇದ್ದಷ್ಟೂ ಅವರ ಮೂಗು ಚುರುಕು. ಮೂರನೇ ವರ್ಷ ನಮ್ಮ ಮರ ಕೈಕೊಡ್ತು, ಮಿಡಿ ಸಾಲಲಿಲ್ಲ. ಹೊಳೆ ಆಚೆಯ ಬೇರೆ ಮರದ್ದು ತಂದು ಬೆರೆಸಿಬಿಟ್ಟೆ, ಯಾರಿಗೆ ಗೊತ್ತಾಗುತ್ತೆ ಅಂತ. ವಾರದೊಳಗೆ ಮೂವರ ಫೋನ್. ಒಬ್ಬ ಅಜ್ಜಿಯಂತೂ "ಒಂದು ಮಿಡಿ ಕಚ್ಚಿದೆ ತಂಗೀ, ಇದು ಆ ಮರದ್ದಲ್ಲ" ಅಂದರು. ಮೂವರಿಗೂ ದುಡ್ಡು ವಾಪಸ್. ಅನಂತಭಟ್ಟನ ಅಪ್ಪೆ ಅನ್ನೋ ಹೆಸರುವಾಸಿ ತಳಿಯ ಹೆಸರು ಕೇಳಿದ್ದೀವಿ ಅಂತ ಕಂಡ ಕಾಡುಮಿಡಿಗೆಲ್ಲ ಆ ಹೆಸರು ಅಂಟಿಸಬೇಡಿ, ನಿಮ್ಮ ಲೇಬಲ್ಲಿನಲ್ಲಿ ಆ ವಾಸನೆ ನನಗೆ ಬರ್ತಿದೆ. ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ ಅಂತ ಪ್ರತಿ ಪೋಸ್ಟಿನಲ್ಲಿ ಹಾಕ್ತೀರಲ್ಲ, ಹಾಗಿದ್ದರೆ ಯಾವ ಮರದ್ದು ಅಂತಲೂ ಹೇಳಿ. ಗೊತ್ತಿಲ್ಲದಿದ್ದರೆ "ಹೊಳೆದಂಡೆಯ ಮಿಡಿ" ಅಂತ ಹಾಕಿದರೆ ಯಾರೂ ಬೈಯಲ್ಲ.

ಮಿಡಿನೇ ಮಾಡಿ ಅಂತ ನಾನು ಹೇಳ್ತಿಲ್ಲ. ಈ ಸಾಲನ್ನ ಓದದೆ ನಾಳೆ ನಾಲ್ಕು ಜನ ಉಪ್ಪುಮಿಡಿ ಪೇಜ್ ಶುರು ಮಾಡ್ತಾರೆ, ನೋಡ್ತಿರಿ. ತುಮಕೂರು ಜಿಲ್ಲೆ ಚೇಳೂರಿನ ಸಿದ್ದು ಹಲಸು ಗೊತ್ತಲ್ಲ, ಕೆಂಪು ತೊಳೆಯ ಒಂದೇ ಮರ. ಮರದ ಮಾಲೀಕರು ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್ ಜೊತೆ ಒಪ್ಪಂದ ಮಾಡಿಕೊಂಡ ಮೇಲೆ ಅದರ ಕಸಿ ಗಿಡ ಮಾರಾಟಕ್ಕೆ ಬಂತು. ಹಣ್ಣು ತಿನ್ನೋರು ಎಲ್ಲಾ ಕಡೆ ಇದ್ದಾರೆ, ಕೆಂಪು ತೊಳೆಯ ಗಿಡ ನೆಡಬೇಕು ಅನ್ನೋ ತೋಟದವರು ಬೇರೆ ಗುಂಪು. ನಿಮ್ಮ 22ರಲ್ಲಿ ನನಗೆ ಕಂಡಿದ್ದು ಜೋನಿ ಬೆಲ್ಲ. ಕಾಮೆಂಟಲ್ಲಿ ಇಬ್ಬರು "ದೋಸೆಗೆ ಹಾಕ್ಕೊಳ್ಳೋ ಹದಕ್ಕೆ ಇದೆಯಾ, ಗಟ್ಟಿಯಾ" ಅಂತ ಕೇಳಿದ್ದಾರೆ, ನೀವು ಲಿಂಕ್ ಕೊಟ್ಟು ಸುಮ್ಮನಾಗಿದ್ದೀರಿ. ಆ ಇಬ್ಬರಿಗೆ ಇವತ್ತೇ ಫೋನ್ ಮಾಡಿ. ಮಾರೋಕಲ್ಲ, ಯಾವ ಹದ, ಮನೇಲಿ ಎಷ್ಟು ಜನ, ಮೊದಲು ಎಲ್ಲಿಂದ ತರಿಸ್ತಿದ್ದರು ಅಂತ ಕೇಳೋಕೆ. ಹತ್ತು ಜನ ಅಪರಿಚಿತರು ಮುಂಗಡ ದುಡ್ಡು ಹಾಕೋ ತನಕ ಲೇಬಲ್ ಪ್ರಿಂಟ್ ಹಾಕಿಸಬೇಡಿ. ನೆಂಟರು ಲೆಕ್ಕಕ್ಕಿಲ್ಲ. ಅವರು ನಿಮ್ಮ ಮುಖ ನೋಡಿ ಕೊಳ್ತಾರೆ, ಎರಡನೇ ಸಲ ಅದೂ ಇಲ್ಲ.

ಮಿಡಿಯೇ ಮಾಡ್ತೀನಿ ಅಂದ್ರೆ ಮರದವರಿಗೆ ಈಗಲೇ ಮುಂಗಡ ಕೊಡಿ. ಮಿಡಿ ಬಿಟ್ಟ ಮೇಲೆ ಹೋದರೆ ರಿಪ್ಪನ್‌ಪೇಟೆಯ ವ್ಯಾಪಾರಿಗಳು ಮೊದಲೇ ಗುತ್ತಿಗೆ ಹಿಡಿದಿರ್ತಾರೆ. ಮರ ಹತ್ತುವವರಿಗೂ ಈಗಲೇ ಹೇಳಿಡಿ, ಅವರು ಸಿಗೋದು ಗಿರಾಕಿ ಸಿಗೋದಕ್ಕಿಂತ ಕಷ್ಟ.

ಅಂದಹಾಗೆ ನಿಮ್ಮ ಉಪ್ಪಿನಕಾಯಿ ಬಾಟಲಿಗೆ ತಗಡಿನ ಮುಚ್ಚಳ ಇದ್ದ ಹಾಗೆ ಕಾಣ್ತು. ಉಪ್ಪಿಗೆ ಅದು ಒಳಗಿಂದ ತುಕ್ಕು ಹಿಡಿಯುತ್ತೆ, ಪ್ಲಾಸ್ಟಿಕ್ ಮುಚ್ಚಳ ಹಾಕಿ, ಒಳಗೆ ಸೀಲ್ ಇರಲಿ. ಹಳೇ ಬ್ಯಾಚಿನದ್ದೊಂದು ತೆಗೆದು ಮುಚ್ಚಳದ ಒಳಬದಿಯ ಫೋಟೋ ಹಾಕಿ, ನೋಡಿ ಹೇಳ್ತೀನಿ.