‘ಲ್ಯಾಬ್ ಟೆಸ್ಟೆಡ್’ ಅಂದರೆ ಏನು ಟೆಸ್ಟು?

ಪ್ರಶ್ನೆ: ಮೇಡಂ, ವೈದ್ಯರು ಹೇಳಿದರೆಂದು ಮಗಳಿಗೆ ಅಶೋಕ ಚಕ್ಕೆ ಪುಡಿ ತಂದೆ. ಹೋದ ಸಲದ್ದಕ್ಕಿಂತ ಬಣ್ಣ ಬೇರೆ. ಪೊಟ್ಟಣದ ಮೇಲೆ ‘ಲ್ಯಾಬ್ ಟೆಸ್ಟೆಡ್’ ಅಂತಿದೆ. ನಂಬಬಹುದಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಬಣ್ಣ ನೋಡಿಯೇ ಹೇಳ್ತೀನಿ ಅನ್ನುವವರನ್ನು ನಾನು ನಂಬುವುದಿಲ್ಲ. ಚಕ್ಕೆ ಎಳೆಯದೋ ಬಲಿತದ್ದೋ, ಹೇಗೆ ಒಣಗಿಸಿದರು ಅನ್ನುವುದರ ಮೇಲೆ ಬಣ್ಣ ಬದಲಾಗುತ್ತದೆ. ಲ್ಯಾಬಿನಲ್ಲಿ ನಮಗೆ ಬರುವ ಅನುಮಾನ ಬೇರೆ. ಇದು ಅಶೋಕವೇ ಹೌದಾ? ಕಿತ್ತಳೆ-ಕೆಂಪು ಗೊಂಚಲು ಹೂವಿನ ಅಸಲಿ ಅಶೋಕ ಈಗ ಘಟ್ಟದಲ್ಲೂ ಅಪರೂಪ. ಶಾಲೆ ಕಾಂಪೌಂಡಿನಲ್ಲಿ ಕಂಬದ ಹಾಗೆ ನೆಟ್ಟಗೆ ನಿಂತಿರುತ್ತದಲ್ಲ, ಜನ ಅದನ್ನೂ ಅಶೋಕ ಅಂತಲೇ ಕರೆಯುತ್ತಾರೆ. ಅದು ಸೀತಾಫಲದ ಬಳಗದ ಮರ. ಅದರ ತೊಗಟೆ ಬೇಕಾದಷ್ಟು ಸಿಗುತ್ತದೆ. ಪುಡಿಯಾದ ಮೇಲೆ ಬರಿಗಣ್ಣಿಗೆ ಎರಡೂ ಒಂದೇ.

ಅದಕ್ಕೇ ಟಿಎಲ್‌ಸಿ (ಥಿನ್ ಲೇಯರ್ ಕ್ರೊಮಟೋಗ್ರಫಿ) ಅನ್ನುವ ಪರೀಕ್ಷೆ ಮಾಡುತ್ತೇವೆ. ಪುಡಿಯನ್ನು ಆಲ್ಕೋಹಾಲ್‌ನಲ್ಲಿ ನೆನೆಸಿ, ಆ ರಸವನ್ನು ಸಿಲಿಕಾ ಬಳಿದ ತಗಡಿನ ಬುಡದಲ್ಲಿ ಸಣ್ಣ ಗೆರೆಯಾಗಿ ಹಾಕುತ್ತೇವೆ. ಪಕ್ಕದಲ್ಲೇ ಗ್ಯಾರಂಟಿ ಅಶೋಕದ್ದೊಂದು ಗೆರೆ. ತಗಡನ್ನು ದ್ರಾವಕದಲ್ಲಿ ನಿಲ್ಲಿಸಿದರೆ ರಸದ ಅಂಶಗಳು ಮೇಲೇರುತ್ತಾ ಬೇರೆ ಬೇರೆಯಾಗುತ್ತವೆ. ಆಮೇಲೆ ಕತ್ತಲಲ್ಲಿ ಯುವಿ (ನೇರಳಾತೀತ) ದೀಪ ಹಿಡಿದು ನೋಡಬೇಕು. ಎರಡೂ ಕಡೆ ಪಟ್ಟಿಗಳು ಹೊಂದಲಿಲ್ಲ ಅಂದರೆ ಇದು ಅಶೋಕವಲ್ಲ ಅಥವಾ ಬೇರೆ ಏನೋ ಸೇರಿದೆ ಅನ್ನುವ ಅನುಮಾನ ಬಲವಾಗುತ್ತದೆ.

ಇನ್ನೊಂದು ಬೂದಿ ಪರೀಕ್ಷೆ. ಎರಡು-ಮೂರು ಗ್ರಾಂ ಪುಡಿಯನ್ನು 450 ಡಿಗ್ರಿ ಮೀರದಂತೆ ಸುಟ್ಟು, ಬೂದಿಯನ್ನು ಆಮ್ಲದಲ್ಲಿ ಕುದಿಸುತ್ತೇವೆ. ಕರಗದೆ ಉಳಿದದ್ದು ಬಹುಪಾಲು ಮಣ್ಣು, ಮರಳು. ತೂಕದ ಲೆಕ್ಕದಲ್ಲಿ ಕೊಳ್ಳುವ ಮಾಲು ನೋಡಿ, ಮಣ್ಣಿಗೂ ದುಡ್ಡು ಕೊಟ್ಟಂತೆ! ವಿಷಕಾರಿ ಲೋಹಗಳನ್ನೂ ಅಳೆಯುತ್ತೇವೆ: ಸೀಸ 10 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಹತ್ತು ಪಾಲು), ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಮೀರಬಾರದು. ಬೂಷ್ಟು, ಬ್ಯಾಕ್ಟೀರಿಯಾದ ಲೆಕ್ಕವೂ ಇದೆ.

ಇದರಲ್ಲಿ ಒಂದೇ ಒಂದು ಮಾಡಿಸಿದವರೂ ‘ಲ್ಯಾಬ್ ಟೆಸ್ಟೆಡ್’ ಅಂತ ಅಚ್ಚು ಹಾಕಿಸಬಹುದು. ಹಾಗಾಗಿ ಪೊಟ್ಟಣದ ಬ್ಯಾಚ್ ನಂಬರ್ ಹೇಳಿ, ಆ ಬ್ಯಾಚಿನದ್ದೇ ರಿಪೋರ್ಟ್ ಕೇಳಿ. ಹೋದ ವರ್ಷದ ರಿಪೋರ್ಟ್ ಕಳಿಸಿದರೆ ಒಪ್ಪಬೇಡಿ. ಪೊಟ್ಟಣದ ಮೇಲೆ ತಯಾರಕರ ಲೈಸೆನ್ಸ್ ನಂಬರೇ ಇಲ್ಲದಿದ್ದರೆ ವಾಪಸ್ ಕೊಟ್ಟುಬಿಡಿ.

ಪ್ರಶ್ನೆ: ಸಂತೆಯಲ್ಲಿ ಕೊಂಡ ಪುಡಿಯಿಂದ ಅಪ್ಪನ ಮಂಡಿನೋವು ಎರಡೇ ದಿನಕ್ಕೆ ಮಾಯ. ನಾಲ್ಕು ತಿಂಗಳಿಂದ ತಿನ್ನುತ್ತಿದ್ದಾರೆ. ಲೇಬಲ್ ಇಲ್ಲ. ಈಗ ಮುಖ ಊದಿದೆ.
– ಓದುಗರೊಬ್ಬರು, ಹಾವೇರಿ

ಉತ್ತರ: ಇಂಥ ಪುಡಿಗಳಲ್ಲಿ ಡೆಕ್ಸಾಮೆಥಸೋನ್‌ನಂಥ ಸ್ಟೆರಾಯ್ಡ್ ಬೆರೆಸಿದ್ದು ಸಿಕ್ಕಿದೆ. ಅದು ನೋವನ್ನು ಬೇಗ ತಗ್ಗಿಸುತ್ತದೆ, ಬಹಳ ದಿನ ತಿಂದರೆ ಮುಖ ಊದಿಸುತ್ತದೆ. ಇದೂ ಹಾಗೇ ಇರಬಹುದು. ಆದರೆ ಗಾಬರಿಯಲ್ಲಿ ದಿಢೀರಂತ ನಿಲ್ಲಿಸಬೇಡಿ, ಅದೂ ಅಪಾಯ. ಪುಡಿಯ ಸಮೇತ ಅಪ್ಪನನ್ನು ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.