ಇಂಟೆಲ್ ಮೋಡೆಮ್ ಯಾಕೆ ಗೆಲ್ಲಲಿಲ್ಲ?

ಪ್ರೊಸೆಸರ್ ಮಾಡುವ ಇಂಟೆಲ್‌ಗೆ ಫೋನಿನ ಮೋಡೆಮ್ (ಫೋನನ್ನು ಮೊಬೈಲ್ ನೆಟ್‌ವರ್ಕ್‌ಗೆ ಜೋಡಿಸುವ ಚಿಪ್) ಯಾಕೆ ಅಷ್ಟು ಕಷ್ಟವಾಯಿತು, ಎರಡೂ ಚಿಪ್ಪೇ ಅಲ್ವಾ ಅಂತ ಕೇಳಿದ್ದೀರಿ. ಚಿಪ್ಪೇ ಹೌದು, ಕೆಲಸ ಮಾತ್ರ ಪೂರ್ತಿ ಬೇರೆ. ಪ್ರೊಸೆಸರ್ ತನ್ನ ಪಾಡಿಗೆ ಲೆಕ್ಕ ಮಾಡಿಕೊಂಡಿರುತ್ತದೆ. ಮೋಡೆಮ್ ಹಾಗಲ್ಲ, ಬೇರೆ ಬೇರೆ ದೇಶಗಳ ನೆಟ್‌ವರ್ಕ್, ಹತ್ತಾರು ಬ್ಯಾಂಡ್ (ರೇಡಿಯೋ ತರಂಗಗಳ ಶ್ರೇಣಿ), ಹಳೇ 2ಜಿಯಿಂದ ಹಿಡಿದು ಹೊಸದರವರೆಗೆ ಎಲ್ಲದರ ಜೊತೆ ಮಾತಾಡಬೇಕು, ಅದೂ ಓಡುವ ರೈಲಿನಲ್ಲಿ ಟವರ್‌ನಿಂದ ಟವರ್‌ಗೆ ದಾಟುವಾಗ ಕರೆ ಕಡಿಯದ ಹಾಗೆ, ಬ್ಯಾಟರಿಯನ್ನೂ ಜಾಸ್ತಿ ತಿನ್ನದೆ. ಇದು ಸುಮ್ನೆ ದುಡ್ಡು ಸುರಿದರೆ ಬರುವ ಅನುಭವವಲ್ಲ.

ಇಂಟೆಲ್ ಸುರಿದದ್ದೂ ನಿಜ. ಜರ್ಮನಿಯ ಚಿಪ್ ಕಂಪನಿ ಇನ್‌ಫಿನಿಯನ್‌ನ ವೈರ್‌ಲೆಸ್ ವಿಭಾಗ ಕೊಳ್ಳಲು 2010ರಲ್ಲಿ ಒಪ್ಪಂದ ಮಾಡಿಕೊಂಡಿತು, ಸುಮಾರು 140 ಕೋಟಿ ಡಾಲರ್‌ಗೆ. (ತಮಾಷೆ ಅಂದರೆ ಮೊದಲ ಐಫೋನಿನಲ್ಲಿ ಇದ್ದದ್ದು ಇನ್‌ಫಿನಿಯನ್ ಮೋಡೆಮ್ಮೇ.)

ಇನ್ನೊಂದು ತಲೆನೋವು ಮೋಡೆಮ್ ಮಾಡುವ ಅಮೆರಿಕದ ಕಂಪನಿ ಕ್ವಾಲ್‌ಕಾಮ್‌ನ ಪೇಟೆಂಟ್‌ಗಳು. ಅದು ಚಿಪ್ಪಿನ ಬೆಲೆಯ ಜೊತೆಗೆ ಪರವಾನಗಿ ಶುಲ್ಕವನ್ನೂ ಫೋನಿನ ಬೆಲೆಯ ಲೆಕ್ಕದಲ್ಲಿ ಕೇಳುತ್ತದೆ, ಅಂದರೆ ನೀವು ಬೇರೆಯವರ ಚಿಪ್ ಹಾಕಿದರೂ ಅದಕ್ಕೆ ದುಡ್ಡು ಹೋಗುತ್ತದೆ. ಇದೇ ಜಗಳದಲ್ಲಿ ಆಪಲ್ 2017ರಲ್ಲಿ ಕೋರ್ಟಿಗೆ ಹೋಯಿತು, 2018ರ ಐಫೋನ್‌ಗಳಿಗೆ ಇಂಟೆಲ್ ಮೋಡೆಮ್ಮನ್ನೇ ನೆಚ್ಚಿಕೊಂಡಿತು. ಆದರೆ 5ಜಿ ಹೊತ್ತಿಗೆ ಇಂಟೆಲ್ ತಯಾರಿರಲಿಲ್ಲ. 2019ರ ಏಪ್ರಿಲ್ 16ರಂದು ಆಪಲ್, ಕ್ವಾಲ್‌ಕಾಮ್ ರಾಜಿಯಾದವು. ಅದೇ ದಿನ ಇಂಟೆಲ್ ಫೋನಿನ 5ಜಿ ಮೋಡೆಮ್ ಕೈಬಿಟ್ಟಿತು! ಇದ್ದ ಒಬ್ಬ ದೊಡ್ಡ ಗಿರಾಕಿಯೂ ಹೋದ ಮೇಲೆ ಯಾರಿಗೆ ಮಾರುವುದು ಹೇಳಿ.

ಇಂಟೆಲ್‌ನ ಆ ಮೋಡೆಮ್ ವಿಭಾಗದ ಬಹುಪಾಲನ್ನು 100 ಕೋಟಿ ಡಾಲರ್‌ಗೆ ಕೊಂಡದ್ದು ಆಪಲ್ಲೇ. ಅದರ ಸ್ವಂತ ಸಿ1 ಮೋಡೆಮ್ ಐಫೋನ್ 16ಇಯಲ್ಲಿ ಬಂದದ್ದು 2025ರಲ್ಲಿ.